ಡೀಸೆಲ್ ತುಂಬಿಸಿದ್ದು ಟೆಕ್ಸಾಸ್‌ನಲ್ಲಿ, ಟ್ರಕ್ ಓಡಿದ್ದು ಕಾನ್ಸಾಸ್‌ನಲ್ಲಿ: ಲೆಕ್ಕ ಇಡೋದು ಹೇಗೆ?

ಪ್ರಶ್ನೆ: ನಾನಿರುವುದು ಡಲ್ಲಾಸ್ ಹತ್ತಿರ. ಆರು ವರ್ಷ ಬೇರೆಯವರ ಟ್ರಕ್ ಓಡಿಸಿದೆ. ಈ ಜುಲೈನಲ್ಲಿ ಸ್ವಂತ ಟ್ರಕ್ ತೆಗೆದುಕೊಂಡು ನನ್ನದೇ ಹೆಸರಿನಲ್ಲಿ ಓಡಿಸುತ್ತಿದ್ದೇನೆ. ಒಂದೇ ಟ್ರಕ್, ರೀಫರ್ (ಸರಕು ತಂಪಾಗಿಡುವ) ಟ್ರೇಲರ್. ಹೆಚ್ಚಾಗಿ ಐ-35 ಹೆದ್ದಾರಿ ಮೇಲೆ ಒಕ್ಲಹೋಮಾ, ಕಾನ್ಸಾಸ್ ಕಡೆ ಲೋಡ್. ರಾಜ್ಯಗಳ ಡೀಸೆಲ್ ತೆರಿಗೆಗೆ ಬೇಕಾದ ಇಫ್ಟಾ ಲೈಸೆನ್ಸ್, ಸ್ಟಿಕ್ಕರ್ ಎಲ್ಲ ಬಂದಿದೆ. ಇಎಲ್‌ಡಿ (ಡ್ಯೂಟಿ ಗಂಟೆ ದಾಖಲಿಸುವ ಯಂತ್ರ) ಇದೆ, ಫ್ಯುಯೆಲ್ ಕಾರ್ಡ್ ಇದೆ. ಇಷ್ಟು ಸಾಲದಾ? ಇನ್ನೇನು ಬರೆದಿಡಬೇಕು, ಎಷ್ಟು ವರ್ಷ ಇಡಬೇಕು? ಮೊದಲ ಮೂರು ವಾರ ನಾನು ಏನೂ ಬರೆದಿಲ್ಲ, ಅದಕ್ಕೇನು ಮಾಡಲಿ? ನಮ್ಮಪ್ಪ ದಾವಣಗೆರೆಯಲ್ಲಿ ಎರಡು ಲಾರಿ ಇಟ್ಟಿದ್ದರು. ಡ್ರೈವರ್ ಲೆಕ್ಕ ಮುಗಿದ ಮೇಲೆ ಡೀಸೆಲ್ ಬಿಲ್ ಎತ್ತಿಟ್ಟಿದ್ದು ನಾನು ನೋಡಿಲ್ಲ.

ಉತ್ತರ: ನಿಮ್ಮ ತಂದೆಯವರು ಬಿಲ್ ಎತ್ತಿಡದೇ ಇದ್ದದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಡೀಸೆಲ್ ಮೇಲಿನ ರಾಜ್ಯದ ತೆರಿಗೆ ಬಂಕ್‌ನಲ್ಲೇ ಮುಗಿದುಹೋಗುತ್ತದೆ. ಕರ್ನಾಟಕದಲ್ಲಿ ತುಂಬಿಸಿದರೆ ಕರ್ನಾಟಕಕ್ಕೆ, ಹೊಸೂರಲ್ಲಿ ತುಂಬಿಸಿದರೆ ತಮಿಳುನಾಡಿಗೆ. ಆ ಡೀಸೆಲ್ಲಲ್ಲಿ ಲಾರಿ ಆಮೇಲೆ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ದೊಡ್ಡ ಟ್ರಕ್ಕಿಗೆ ಲೆಕ್ಕ ತಿರುಗುಮುರುಗು. ನೀವು ಎಲ್ಲಿ ತುಂಬಿಸಿದಿರಿ ಅನ್ನುವುದಲ್ಲ, ಎಲ್ಲಿ ಸುಟ್ಟಿರಿ ಅನ್ನುವುದು ಮುಖ್ಯ. ಟೆಕ್ಸಾಸ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಕಾನ್ಸಾಸ್ ರಸ್ತೆ ಸವೆಸಿದರೆ, ಆ ಮೈಲಿಗಳ ತೆರಿಗೆ ಕಾನ್ಸಾಸ್‌ಗೆ ಸೇರಬೇಕು. ಮೂರು ತಿಂಗಳಿಗೊಮ್ಮೆ ಕೂತು ಇದನ್ನು ಸರಿಮಾಡುವ ಒಪ್ಪಂದವೇ ಇಫ್ಟಾ. ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳು, ಕೆನಡಾದ 10 ಪ್ರಾಂತ್ಯಗಳು ಇದರಲ್ಲಿವೆ. 1983ರಲ್ಲಿ ಮೂರೇ ಮೂರು ರಾಜ್ಯಗಳಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಪರ್ಮಿಟ್, ಬೇರೆ ಬೇರೆ ರಿಟರ್ನ್. ಕ್ಯಾಬಿನ ಬಾಗಿಲ ತುಂಬ ಸ್ಟಿಕ್ಕರ್. ಈಗ ನಿಮಗೆ ಎರಡೇ ಸ್ಟಿಕ್ಕರ್, ಒಂದೇ ರಿಟರ್ನ್. ನೀವು ಟೆಕ್ಸಾಸ್ ಕಂಟ್ರೋಲರ್ ಕಚೇರಿಗೆ, ಅಂದರೆ ಅಲ್ಲಿಯ ತೆರಿಗೆ ಕಚೇರಿಗೆ, ಕೊಟ್ಟರೆ ಉಳಿದ ಹಂಚಿಕೆ ಅವರದು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸಾಲದು. ಇಎಲ್‌ಡಿ ಮತ್ತು ಫ್ಯುಯೆಲ್ ಕಾರ್ಡ್ ಎರಡೂ ಬೇಕು. ಆದರೆ ಎರಡೂ ಬೇರೆ ಕೆಲಸಕ್ಕೆ ಮಾಡಿದ ಸಾಮಾನು. ನೀವು ಬರೆದಿಡುವ ದಾಖಲೆಯನ್ನು ಓದುವವರು ನೀವಲ್ಲ. ಮೂರು ವರ್ಷದ ನಂತರ, ನಿಮ್ಮ ಮುಖ ನೋಡದ ಒಬ್ಬ ಆಡಿಟರ್ ಓದುತ್ತಾರೆ. ಅವರಿಗೆ ನಿಮ್ಮ ಟ್ರಕ್ ಒಂದು ದಿನವೂ ತಪ್ಪದ ಹಾಗೆ ಎಲ್ಲಿತ್ತು ಅಂತ ಕಾಣಬೇಕು. ಅಷ್ಟೇ ವಿಷಯ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ಅದು ಗೊತ್ತಾದರೆ ದಾಖಲೆ ಯಾಕೆ ಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಮೂರು ತಿಂಗಳಲ್ಲಿ 21,000 ಮೈಲಿ ಓಡಿಸಿದಿರಿ, 3,000 ಗ್ಯಾಲನ್ ಹಾಕಿಸಿದಿರಿ ಅನ್ನೋಣ. ಗ್ಯಾಲನ್‌ಗೆ 7 ಮೈಲಿ. 21,000ದಲ್ಲಿ ಟೆಕ್ಸಾಸ್ 10,500, ಒಕ್ಲಹೋಮಾ 7,000, ಕಾನ್ಸಾಸ್ 3,500. ಏಳರಿಂದ ಭಾಗಿಸಿದರೆ ಟೆಕ್ಸಾಸ್‌ನಲ್ಲಿ ಸುಟ್ಟಿದ್ದು 1,500 ಗ್ಯಾಲನ್, ಒಕ್ಲಹೋಮಾದಲ್ಲಿ 1,000, ಕಾನ್ಸಾಸ್‌ನಲ್ಲಿ 500. ಹಾಕಿಸಿದ್ದು ಮಾತ್ರ ಟೆಕ್ಸಾಸ್‌ನಲ್ಲಿ 2,200, ಒಕ್ಲಹೋಮಾದಲ್ಲಿ 800, ಕಾನ್ಸಾಸ್‌ನಲ್ಲಿ ಒಂದು ಹನಿಯೂ ಇಲ್ಲ. ದರ ಟೆಕ್ಸಾಸ್ 20 ಸೆಂಟ್, ಒಕ್ಲಹೋಮಾ 19, ಕಾನ್ಸಾಸ್ 26 ಅಂತ ಹಿಡಿಯಿರಿ. ದರದ ಪಟ್ಟಿ ಪ್ರತಿ ತ್ರೈಮಾಸಿಕಕ್ಕೂ ಹೊಸದಾಗಿ ಬರುತ್ತದೆ, ತುಂಬುವಾಗ ಆ ಅವಧಿಯದ್ದನ್ನೇ ನೋಡಿ. ಟೆಕ್ಸಾಸ್‌ನಲ್ಲಿ 700 ಗ್ಯಾಲನ್ ಜಾಸ್ತಿ ತೆರಿಗೆ ಕಟ್ಟಿದ್ದೀರಿ, 140 ಡಾಲರ್ ವಾಪಸ್. ಒಕ್ಲಹೋಮಾಕ್ಕೆ 200 ಗ್ಯಾಲನ್ ಬಾಕಿ, 38 ಡಾಲರ್. ಕಾನ್ಸಾಸ್‌ಗೆ 500 ಗ್ಯಾಲನ್ ಬಾಕಿ, 130 ಡಾಲರ್. ಎಲ್ಲ ಕೂಡಿ ಕಳೆದರೆ ನೀವು ಕಟ್ಟಬೇಕಾದ್ದು 28 ಡಾಲರ್.

ಇಷ್ಟು ದುಡ್ಡಿಗೆ ಇಷ್ಟೆಲ್ಲ ಗಲಾಟೆಯಾ ಅನ್ನಿಸುತ್ತದೆ ಅಲ್ವಾ? ಈಗ ಇದೇ ಲೆಕ್ಕವನ್ನು ದಾಖಲೆ ಇಲ್ಲದೆ ಮಾಡಿ. ನಿಮ್ಮ ದಾಖಲೆ ನಂಬುವ ಹಾಗಿಲ್ಲ ಅಂತ ಆಡಿಟರ್‌ಗೆ ಅನ್ನಿಸಿದರೆ, ಮೈಲೇಜನ್ನು ಸೀದಾ ಗ್ಯಾಲನ್‌ಗೆ 4 ಮೈಲಿಗೆ ಇಳಿಸಬಹುದು, ಇಲ್ಲವೇ ನೀವು ಹೇಳಿದ್ದರಲ್ಲಿ ಶೇ 20 ಕಡಿಮೆ ಮಾಡಬಹುದು. ನಿಯಮದಲ್ಲೇ ಹಾಗಿದೆ. 4ಕ್ಕೆ ಇಳಿಸಿದರೆ ಅದೇ 21,000 ಮೈಲಿಗೆ ನೀವು 5,250 ಗ್ಯಾಲನ್ ಸುಟ್ಟ ಹಾಗೆ. ರಸೀದಿಗಳೂ ಇಲ್ಲ ಅಂದರೆ, ಬಂಕ್‌ನಲ್ಲಿ ಕಟ್ಟಿದ ತೆರಿಗೆಯೂ ಲೆಕ್ಕಕ್ಕೆ ಬರುವುದಿಲ್ಲ. ಆಗ 28 ಇದ್ದದ್ದು 1,085 ಡಾಲರ್. ಒಂದು ತ್ರೈಮಾಸಿಕಕ್ಕೆ! ನಾಲ್ಕು ವರ್ಷದ ಪುಸ್ತಕ ತೆಗೆಸಿದರೆ ಹದಿನಾರು ಸಲ ಇದೇ ಕಥೆ, ಮೇಲೆ ಬಡ್ಡಿ. ಅದೂ ನೀವು ತೆರಿಗೆ ಕಮ್ಮಿ ಇರುವ ರಾಜ್ಯಗಳಲ್ಲಿ ಓಡಿಸುತ್ತಿದ್ದೀರಿ. ಪೆನ್ಸಿಲ್ವೇನಿಯಾ, ಕ್ಯಾಲಿಫೋರ್ನಿಯಾ ಕಡೆ ಓಡಿಸುವವರ ಪಾಡು ಇನ್ನೂ ದೊಡ್ಡದು. ಪ್ರತಿ ರಾಜ್ಯವೂ ತನ್ನ ಖಾತೆಗಳಲ್ಲಿ ವರ್ಷಕ್ಕೆ ಸರಾಸರಿ ಶೇ 3ರಷ್ಟನ್ನು ಆಡಿಟ್ ಮಾಡಲೇಬೇಕು. ಹಾಗಾಗಿ ನಿಮ್ಮ ಸರದಿ ಬರುವುದೇ ಇಲ್ಲ ಅಂದುಕೊಳ್ಳಬೇಡಿ.

ಈಗ ಇಎಲ್‌ಡಿ ವಿಷಯ. ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ.

ಇಎಲ್‌ಡಿ ಇರುವುದು ನಿಮ್ಮ ಡ್ಯೂಟಿ ಗಂಟೆ ಎಣಿಸುವುದಕ್ಕೆ. ಟ್ರಕ್ ಓಡುತ್ತಿರುವಾಗ ಕಾನೂನು ಅದರಿಂದ ಕೇಳುವುದು ಗಂಟೆಗೊಮ್ಮೆ ಒಂದು ಜಾಗ, ಅಷ್ಟೇ. ಗಂಟೆಯಲ್ಲಿ ಟ್ರಕ್ 65 ಮೈಲಿ ಹೋಗಿರುತ್ತದೆ. ನೆವಾಡಾದಿಂದ ಐ-15 ಹಿಡಿದು ಯೂಟಾಕ್ಕೆ ಹೋದರೆ ನಡುವೆ ಅರಿಜೋನಾದ ಮೂಲೆ 29 ಮೈಲಿಯಷ್ಟು ಸಿಗುತ್ತದೆ. ಬೆಟ್ಟ ಸೀಳಿದ ರಸ್ತೆ, ಅರ್ಧ ಗಂಟೆ. ಐ-81 ಮೇಲೆ ವರ್ಜೀನಿಯಾದಿಂದ ಪೆನ್ಸಿಲ್ವೇನಿಯಾಕ್ಕೆ ಹೋದರೆ ವೆಸ್ಟ್ ವರ್ಜೀನಿಯಾ 26 ಮೈಲಿ, ಮೇರಿಲ್ಯಾಂಡ್ ಬರೀ 12. ಗಂಟೆಗೊಂದು ಚುಕ್ಕೆ ಇಟ್ಟರೆ ಈ ರಾಜ್ಯಗಳು ಕಾಣುವುದೇ ಇಲ್ಲ. ನಿಮ್ಮ ದಾರಿಯಲ್ಲಿ ಅಷ್ಟು ಪುಟ್ಟ ರಾಜ್ಯ ಇಲ್ಲ, ನಿಜ. ಆದರೆ ಕಾನ್ಸಾಸ್ ಸಿಟಿ ಇದೆ. ಅಲ್ಲಿ ಸ್ಟೇಟ್ ಲೈನ್ ರೋಡ್ ಅಂತಲೇ ಒಂದು ರಸ್ತೆ. ಒಂದು ಪಕ್ಕ ಕಾನ್ಸಾಸ್, ಇನ್ನೊಂದು ಪಕ್ಕ ಮಿಸೌರಿ. ನಿಮ್ಮ ಗೋದಾಮು ಆಚೆ ಪಕ್ಕದಲ್ಲಿದ್ದರೆ ನೀವು ಮಿಸೌರಿಗೆ ಹೋಗಿ ಬಂದಿದ್ದೀರಿ. ಆರೇ ಮೈಲಿ ಇರಲಿ, ರಿಟರ್ನ್‌ನಲ್ಲಿ ಮಿಸೌರಿಗೆ ಒಂದು ಸಾಲು ಬೇಕು.

ಎಷ್ಟೋ ಇಎಲ್‌ಡಿ ಕಂಪನಿಗಳು ಇದಕ್ಕಿಂತ ಹತ್ತಿರ ಹತ್ತಿರ ಜಿಪಿಎಸ್ ಗುರುತು ತೆಗೆದುಕೊಳ್ಳುತ್ತವೆ. ಇಫ್ಟಾ ರಿಪೋರ್ಟ್ ಅಂತ ಒಂದು ಬಟನ್ ಕೂಡ ಕೊಟ್ಟಿರುತ್ತವೆ. ಒಳ್ಳೆಯದು, ಬಳಸಿ. ಆದರೆ ಆ ರಿಪೋರ್ಟ್ ಬರೀ ಮೊತ್ತ. ಒಕ್ಲಹೋಮಾ 7,000 ಅಂತ ಒಂದು ಸಾಲು. ಆಡಿಟರ್ ಕೇಳುವುದು ಆ 7,000 ಬಂದದ್ದು ಎಲ್ಲಿಂದ ಅಂತ. ಜಿಪಿಎಸ್ ಲೆಕ್ಕ ತೋರಿಸುವವರು ಅದರ ಮೂಲ ಡೇಟಾವನ್ನೇ ಕೊಡಬೇಕು: ಪ್ರತಿ ಗುರುತಿನ ತಾರೀಖು, ಸಮಯ, ಜಾಗ, ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ದೂರ, ಯಾವ ದಾರಿ, ಯಾವ ಟ್ರಕ್, ಜೊತೆಗೆ ಶುರು ಮತ್ತು ಕೊನೆಯ ಒಡೋಮೀಟರ್. ಸ್ಕ್ರೀನ್‌ಶಾಟ್ ಅಥವಾ ಪಿಡಿಎಫ್ ಬೇಡ. ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುವ ಫೈಲ್ ಇಳಿಸಿಕೊಳ್ಳಿ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದು ಇದೆ. ಡ್ಯೂಟಿ ಗಂಟೆಯ ಕಾನೂನು ಲಾಗ್ ಇಡಿ ಅನ್ನುವುದು ಆರು ತಿಂಗಳು. ಇಫ್ಟಾ ಅನ್ನುವುದು ನಾಲ್ಕು ವರ್ಷ. ಈ ನಡುವಿನ ಮೂರೂವರೆ ವರ್ಷವನ್ನು ನಿಮ್ಮ ಇಎಲ್‌ಡಿ ಕಂಪನಿ ಜೋಪಾನ ಮಾಡುತ್ತದೆ ಅಂತ ಯಾರು ಹೇಳಿದರು? ನನ್ನ ಹತ್ತಿರ ಲೆಕ್ಕ ಮಾಡಿಸುವ ಒಬ್ಬರು ತಿಂಗಳಿಗೆ ಹದಿನೈದು ಡಾಲರ್ ಉಳಿಯುತ್ತದೆ ಅಂತ ಇಎಲ್‌ಡಿ ಬದಲಾಯಿಸಿದರು. ಹಳೆ ಖಾತೆ ಮುಚ್ಚಿದ ದಿನವೇ ಲಾಗಿನ್ ಬಂದ್. ಎರಡು ವರ್ಷದ ಓಡಾಟ ಅದರೊಳಗೇ ಉಳಿಯಿತು. ತಪ್ಪು ನನ್ನದೂ ಇದೆ. ನಾನು ಮೊತ್ತದ ರಿಪೋರ್ಟ್ ಇಸಕೊಂಡು ರಿಟರ್ನ್ ತುಂಬಿ ಸುಮ್ನಿದ್ದೆ, ಒಳಗಿನ ಫೈಲ್ ಕೇಳಿರಲಿಲ್ಲ. ಅವತ್ತಿನಿಂದ ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಮೆಸೇಜ್ ಹಾಕುತ್ತೇನೆ, ಡೇಟಾ ಇಳಿಸಿದಿರಾ ಅಂತ. ನೀವೂ ತಿಂಗಳಿಗೊಮ್ಮೆ ಇಳಿಸಿ, ಎರಡು ಕಡೆ ಇಡಿ.

ಜಿಪಿಎಸ್ ಇದ್ದರೂ ಕೈಯಲ್ಲಿ ಒಂದು ಟ್ರಿಪ್ ಶೀಟ್ ಬರೆಯಿರಿ ಅನ್ನುವುದು ನನ್ನ ಹಠ. ಹಳೆ ಕಾಲದವನು ಅಂತ ನಗಬಹುದು. ಎರಡು ನಿಮಿಷದ ಕೆಲಸ ಅದು. ಟ್ರಿಪ್ ಶುರುವಾದ ಮತ್ತು ಮುಗಿದ ತಾರೀಖು, ಎಲ್ಲಿಂದ ಎಲ್ಲಿಗೆ, ಯಾವ ಹೆದ್ದಾರಿ, ಶುರು ಮತ್ತು ಕೊನೆಯ ಒಡೋಮೀಟರ್, ಒಟ್ಟು ಮೈಲಿ, ಒಂದೊಂದು ರಾಜ್ಯದ ಮೈಲಿ, ಟ್ರಕ್ಕಿನ ನಂಬರ್. ರಾಜ್ಯದ ಗಡಿ ದಾಟುವಾಗ ಒಡೋಮೀಟರ್ ನೋಡಿಕೊಂಡು ನೆನಪಿಟ್ಟುಕೊಳ್ಳಿ, ಮುಂದೆ ನಿಂತಾಗ ಬರೆಯಿರಿ. ಓಡಿಸುತ್ತಾ ಬರೆಯಬೇಡಿ, ಮಾರಾಯ್ರೇ.

ಈ ಶೀಟಿನ ಜೀವ ಇರುವುದು ಒಡೋಮೀಟರ್‌ನಲ್ಲಿ. ಒಂದು ಟ್ರಿಪ್ಪಿನ ಕೊನೆಯ ಅಂಕಿಯೇ ಮುಂದಿನ ಟ್ರಿಪ್ಪಿನ ಮೊದಲ ಅಂಕಿ ಆಗಬೇಕು. ಸೋಮವಾರ 412,380ಕ್ಕೆ ಮುಗಿದು ಬುಧವಾರ 412,510ಕ್ಕೆ ಶುರುವಾದರೆ, ನಡುವಿನ 130 ಮೈಲಿ ಎಲ್ಲಿ ಹೋಯಿತು? ನೀವು ವರ್ಕ್‌ಶಾಪ್‌ಗೆ ಹೋಗಿದ್ದಿರಬಹುದು, ಖಾಲಿ ಟ್ರೇಲರ್ ತರಲು ಹೋಗಿದ್ದಿರಬಹುದು, ಟ್ರೇಲರ್ ಬಿಟ್ಟು ಬರೀ ಟ್ರಕ್ಕಿನಲ್ಲಿ ಮನೆಗೆ ಬಂದಿರಬಹುದು. ಎಲ್ಲವೂ ಲೆಕ್ಕಕ್ಕೆ ಸೇರಬೇಕು. ಬಾಡಿಗೆ ಬಂತೋ ಇಲ್ಲವೋ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ, ಡೀಸೆಲ್ ಸುಟ್ಟಿತಲ್ಲ. ಇಎಲ್‌ಡಿಯಲ್ಲಿ ಪರ್ಸನಲ್ ಕನ್ವೇಯನ್ಸ್ (ಡ್ಯೂಟಿ ಅಲ್ಲ, ಸ್ವಂತ ಓಡಾಟ ಅನ್ನುವ ಗುರುತು) ಹಾಕಿಕೊಂಡು ಊಟಕ್ಕೆ ಹೋದ ಮೈಲಿಯೂ ಸೇರುತ್ತದೆ. ಅದನ್ನು ಹಾಕಿಕೊಂಡಾಗ ಇಎಲ್‌ಡಿ ಲಾಗ್ ಬೇಕಂತಲೇ ಜಾಗವನ್ನು ಮಸುಕು ಮಾಡುತ್ತದೆ, ಸುತ್ತ ಹತ್ತು ಮೈಲಿಯೊಳಗೆ ಎಲ್ಲೋ ಇದ್ದರು ಅನ್ನುವಷ್ಟು ಮಾತ್ರ ತೋರಿಸುತ್ತದೆ. ಕೈಬರಹದ ಶೀಟ್ ಕೈಹಿಡಿಯುವುದು ಇಂಥ ಕಡೆಯೇ. ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯ ದಿನ ರಾತ್ರಿ ಡ್ಯಾಶ್‌ಬೋರ್ಡಿನ ಒಂದು ಫೋಟೊ. ಆ ತ್ರೈಮಾಸಿಕದ ಒಟ್ಟು ಮೈಲಿಗೆ ಅದೇ ಸಾಕ್ಷಿ.

ಇನ್ನು ಡೀಸೆಲ್ ರಸೀದಿ. ಒಂದು ರಸೀದಿ ಕೈಗೆ ತೆಗೆದುಕೊಂಡು ನೋಡಿ. ತಾರೀಖು, ಬಂಕ್‌ನ ಹೆಸರು ಮತ್ತು ವಿಳಾಸ, ಎಷ್ಟು ಗ್ಯಾಲನ್, ಯಾವ ಇಂಧನ, ದರ ಅಥವಾ ಒಟ್ಟು ಮೊತ್ತ, ಟ್ರಕ್ಕಿನ ನಂಬರ್, ಕೊಂಡವರ ಹೆಸರು. ಇವಿಷ್ಟೂ ಇರಬೇಕು. ಫ್ಯುಯೆಲ್ ಕಾರ್ಡಿನ ಪಟ್ಟಿಯಲ್ಲಿ ಇವೆಲ್ಲ ಇದ್ದರೆ ಅದೂ ನಡೆಯುತ್ತದೆ. ಪಂಪ್ ಒಡೋಮೀಟರ್ ಕೇಳಿದಾಗ ಅವಸರದಲ್ಲಿ 1234 ಅಂತ ಒತ್ತುವವರು ಬಹಳ ಜನ. ದಯವಿಟ್ಟು ಬೇಡ. ಸರಿಯಾದ ಅಂಕಿ ಒತ್ತಿದರೆ ಆ ಊರಲ್ಲಿ, ಆ ದಿನ, ಆ ಮೈಲಿಗೆ ನಿಮ್ಮ ಟ್ರಕ್ ಇತ್ತು ಅಂತ ಮೂರನೆಯವರೊಬ್ಬರು ಸಾಕ್ಷಿ ಹೇಳಿದ ಹಾಗೆ. 1234 ಅಂತ ಇದ್ದರೆ ಉಳಿದ ಸಾಕ್ಷಿಯ ಮೇಲೂ ಅನುಮಾನ. ಪೆನ್ನಿನಲ್ಲಿ ತಿದ್ದಿದ ರಸೀದಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಂಕ್‌ನ ರಸೀದಿ ಥರ್ಮಲ್ ಕಾಗದದ್ದು. ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ವಾರ ಬಿಟ್ಟರೆ ಹಾಳೆ ಬೆಳ್ಳಗಾಗಿರುತ್ತದೆ. ಕ್ಯಾಬಿಗೆ ಹತ್ತುವ ಮೊದಲು ಫೋನಲ್ಲಿ ಫೋಟೊ ತೆಗೆದುಬಿಡಿ.

ನಿಮ್ಮದು ರೀಫರ್ ಅಂದಿರಿ. ಹಾಗಾದರೆ ಇದನ್ನು ಗಮನವಿಟ್ಟು ಓದಿ. ಟ್ರೇಲರ್ ತಂಪು ಮಾಡುವ ಇಂಜಿನ್ನಿಗೆ ಹಾಕಿಸಿದ ಡೀಸೆಲ್ ಟ್ರಕ್ ಓಡಿಸುವುದಿಲ್ಲ. ಅದು ಇಫ್ಟಾ ಲೆಕ್ಕಕ್ಕೆ ಬರಬಾರದು. ಒಂದೇ ನಿಲುಗಡೆಯಲ್ಲಿ ಟ್ರಕ್ಕಿಗೆ 110, ರೀಫರ್‌ಗೆ 30 ಗ್ಯಾಲನ್ ಹಾಕಿಸಿ 140 ಅಂತ ಬರೆದರೆ ಎರಡು ತಪ್ಪು ಒಟ್ಟಿಗೆ. ಮೈಲೇಜ್ ಸುಳ್ಳೇ ಕಮ್ಮಿಯಾಗುತ್ತದೆ, ಮತ್ತು ನಿಮ್ಮದಲ್ಲದ 30 ಗ್ಯಾಲನ್ ತೆರಿಗೆಯನ್ನು ವಾಪಸ್ ಕೇಳಿದ ಹಾಗಾಗುತ್ತದೆ. ಪಂಪ್‌ನಲ್ಲಿ ರೀಫರ್ ಅಂತಲೇ ಆರಿಸಿ ಬೇರೆಯಾಗಿ ತುಂಬಿಸಿ, ರಸೀದಿಯಲ್ಲಿ ಬೇರೆ ಸಾಲಾಗಿ ಬರುತ್ತದೆ. ಡಿಇಎಫ್ (ಹೊಗೆ ಶುದ್ಧ ಮಾಡಲು ಹಾಕುವ ದ್ರವ) ಕೂಡ ಗ್ಯಾಲನ್ ಲೆಕ್ಕದಲ್ಲೇ ಬರುತ್ತದೆ, ಆದರೆ ಅದು ಇಂಧನವೇ ಅಲ್ಲ. ಹೊಸಬರು ಅದನ್ನೂ ಕೂಡಿಸಿಬಿಡುತ್ತಾರೆ. ಟ್ರಕ್ಕಿನ ಟ್ಯಾಂಕಿಗೆ ಕೆಂಪು ಡೀಸೆಲ್ ಮಾತ್ರ ಯಾವತ್ತೂ ಹಾಕಬೇಡಿ. ರಸ್ತೆ ತೆರಿಗೆ ಕಟ್ಟದ ಡೀಸೆಲ್ ಅದು, ದಂಡ ಜೋರಾಗಿಯೇ ಬೀಳುತ್ತದೆ.

ಇಲ್ಲಿ ದುಡ್ಡು ಉಳಿಸುವ ಒಂದು ಮಾತು. ಹೊಸೂರಿನ ಬಂಕ್‌ನಲ್ಲಿ ಎಷ್ಟು, ಅತ್ತಿಬೆಲೆಯಲ್ಲಿ ಎಷ್ಟು ಅಂತ ನೋಡಿ ತುಂಬಿಸುವ ಅಭ್ಯಾಸ ನಮ್ಮ ಲಾರಿಯವರಿಗೆ ರಕ್ತದಲ್ಲೇ ಇದೆ. ಇಲ್ಲಿ ಆ ಲೆಕ್ಕ ಕೈಕೊಡುತ್ತದೆ. ಒಕ್ಲಹೋಮಾದಲ್ಲಿ ಬೋರ್ಡ್ ಮೇಲೆ 3.60, ಕಾನ್ಸಾಸ್‌ನಲ್ಲಿ 3.65 ಇದೆ ಅನ್ನಿ. ಒಕ್ಲಹೋಮಾ ಅಗ್ಗ ಅನ್ನಿಸುತ್ತದೆ. ಆದರೆ ರಾಜ್ಯದ ತೆರಿಗೆ ಕೊನೆಗೆ ಮೈಲಿಯ ಮೇಲೆ ತೀರುತ್ತದೆ, ತುಂಬಿಸಿದ ಜಾಗದ ಮೇಲೆ ಅಲ್ಲ. ಹಾಗಾಗಿ ತೆರಿಗೆ ಕಳೆದು ನೋಡಿ. 3.60ರಲ್ಲಿ 19 ಸೆಂಟ್ ಹೋದರೆ 3.41. 3.65ರಲ್ಲಿ 26 ಸೆಂಟ್ ಹೋದರೆ 3.39. ಕಾನ್ಸಾಸ್ ಅಗ್ಗ! ಈ ಲಾಭ ಸಿಗಬೇಕಾದರೆ ರಸೀದಿ ಇರಬೇಕು ಅನ್ನುವುದನ್ನು ಮತ್ತೆ ಹೇಳಬೇಕಾಗಿಲ್ಲ. ಅಂದ ಹಾಗೆ, ಗ್ಯಾಲನ್‌ಗೆ 24.4 ಸೆಂಟ್ ಕೇಂದ್ರದ ತೆರಿಗೆ ಇದೆಯಲ್ಲ, ಅದು ಇಫ್ಟಾದೊಳಗೆ ಬರುವುದಿಲ್ಲ.

ಎಷ್ಟು ವರ್ಷ ಇಡಬೇಕು? ರಿಟರ್ನ್ ಕೊನೆಯ ದಿನ ಅಥವಾ ನೀವು ಸಲ್ಲಿಸಿದ ದಿನ, ಯಾವುದು ಆಮೇಲಿನದೋ ಅಲ್ಲಿಂದ ನಾಲ್ಕು ವರ್ಷ. ಆದರೆ ನಿಮ್ಮ ನಂಬರ್ ಪ್ಲೇಟ್ ಮೇಲೆ ಅಪೋರ್ಷನ್ಡ್ ಅಂತ ಬರೆದಿದೆ ಅಲ್ವಾ? ಆ ರಿಜಿಸ್ಟ್ರೇಷನ್ ಹಣವನ್ನು ರಾಜ್ಯಗಳಿಗೆ ಹಂಚುವುದೂ ಇದೇ ಮೈಲಿಗಳ ಮೇಲೆ. ಅದಕ್ಕೆ ಲೆಕ್ಕ ಹಿಡಿಯುವುದು ಜುಲೈಯಿಂದ ಜೂನ್‌ವರೆಗಿನ ಹಿಂದಿನ ವರ್ಷದ ಓಟ. ಆ ಪ್ಲೇಟಿನ ವರ್ಷ ಮುಗಿದ ಮೇಲೆ ಇನ್ನೂ ಮೂರು ವರ್ಷ ದಾಖಲೆ ಇರಬೇಕು. ಎಲ್ಲ ಸೇರಿದರೆ ಕೆಲವು ಟ್ರಿಪ್ ಶೀಟಿಗೆ ಆರು ವರ್ಷ ಚಿಲ್ಲರೆ ಆಗುತ್ತದೆ. ನಾನು ಏಳು ವರ್ಷ ಇಡಿ ಅನ್ನುತ್ತೇನೆ. ಪೆನ್ ಡ್ರೈವ್‌ಗೆ ಬಾಡಿಗೆ ಇಲ್ಲವಲ್ಲ.

ರಿಟರ್ನ್ ದಿನಗಳು: ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31. ಟ್ರಕ್ ಮೂರು ತಿಂಗಳು ಮನೆ ಮುಂದೆ ನಿಂತಿದ್ದರೂ ಸೊನ್ನೆ ಅಂತ ರಿಟರ್ನ್ ಹಾಕಬೇಕು. ತಡವಾದರೆ 50 ಡಾಲರ್ ಅಥವಾ ಬಾಕಿ ತೆರಿಗೆಯ ಶೇ 10, ಯಾವುದು ದೊಡ್ಡದೋ ಅದು. ಬಡ್ಡಿಯನ್ನು ಒಂದೊಂದು ರಾಜ್ಯಕ್ಕೂ ಬೇರೆಯಾಗಿ ಹಾಕುತ್ತಾರೆ. ಒಟ್ಟಾರೆ ನಿಮಗೇ ದುಡ್ಡು ವಾಪಸ್ ಬರಬೇಕಿದ್ದರೂ, ಬಾಕಿ ಇರುವ ರಾಜ್ಯಕ್ಕೆ ಬಡ್ಡಿ ಬೀಳುತ್ತದೆ.

ಮುಂದೆ ಬೇರೆ ದಾರಿ ಹಿಡಿದರೆ ಒಂದೆರಡು ನೆನಪಿರಲಿ. ಓರೆಗಾನ್‌ನಲ್ಲಿ ದೊಡ್ಡ ಟ್ರಕ್ಕಿಗೆ ಇಫ್ಟಾದಲ್ಲಿ ಡೀಸೆಲ್ ತೆರಿಗೆ ಇಲ್ಲ, ಬದಲಿಗೆ ತೂಕ ಮತ್ತು ಮೈಲಿಯ ಮೇಲೆ ಬೇರೆ ತೆರಿಗೆ. ಹಾಗಂತ ಅಲ್ಲಿಯ ಮೈಲಿಯನ್ನು ರಿಟರ್ನ್‌ನಿಂದ ಬಿಡುವ ಹಾಗಿಲ್ಲ, ಬಿಟ್ಟರೆ ಮೈಲೇಜೇ ತಪ್ಪಾಗುತ್ತದೆ. ನ್ಯೂ ಮೆಕ್ಸಿಕೊ, ನ್ಯೂಯಾರ್ಕ್, ಕೆಂಟಕಿ, ಕನೆಕ್ಟಿಕಟ್ ಇಫ್ಟಾ ಜೊತೆಗೆ ಮೈಲಿಯ ತೆರಿಗೆಯನ್ನು ಬೇರೆಯಾಗಿಯೂ ಕೇಳುತ್ತವೆ. ಕೆಂಟಕಿ, ವರ್ಜೀನಿಯಾಗಳಲ್ಲಿ ಪಂಪ್‌ನಲ್ಲಿ ತೆಗೆದುಕೊಳ್ಳದ ಒಂದು ಸರ್‌ಚಾರ್ಜ್ ಇದೆ. ಅಲ್ಲೇ ತುಂಬಿಸಿ ಅಲ್ಲೇ ಓಡಿಸಿದರೂ ಅದನ್ನು ರಿಟರ್ನ್‌ನಲ್ಲೇ ಕಟ್ಟಬೇಕು.

ಇನ್ನು ಆ ಮೂರು ವಾರ. ಗಾಬರಿ ಬೇಡ, ಇನ್ನೂ ಬಿಸಿ ಇರುವಾಗಲೇ ಕೇಳಿದ್ದೀರಿ. ಟ್ರಕ್ ಕೊಂಡಾಗಿನ ಕಾಗದದಲ್ಲಿ ಒಡೋಮೀಟರ್ ಅಂಕಿ ಇರುತ್ತದೆ. ಅದೇ ನಿಮ್ಮ ಮೊದಲ ಸಾಲು. ನೀವು ಶೀಟ್ ಬರೆಯಲು ಶುರು ಮಾಡಿದ ದಿನದ ಅಂಕಿ ಕೊನೆಯ ಸಾಲು. ಈ ಎರಡರ ನಡುವೆ ಇರುವಷ್ಟು ಮೈಲಿಯೂ ಎಲ್ಲಾದರೂ ಒಂದು ಕಡೆ ಕೂರಬೇಕು. ಇಎಲ್‌ಡಿಯ ಆ ದಿನಗಳ ಲಾಗ್ ಈಗಲೇ ಇಳಿಸಿ. ಒಂದೊಂದು ಲೋಡಿನ ಬಿಲ್ ಆಫ್ ಲೇಡಿಂಗ್ (ಸರಕಿನ ಜೊತೆ ಬರುವ ಕಾಗದ) ತೆಗೆಯಿರಿ, ಅದರಲ್ಲಿ ಎಲ್ಲಿಂದ ಎಲ್ಲಿಗೆ ಮತ್ತು ತಾರೀಖು ಇರುತ್ತದೆ. ಫ್ಯುಯೆಲ್ ಕಾರ್ಡಿನ ಪಟ್ಟಿ, ಕಾನ್ಸಾಸ್ ಟರ್ನ್‌ಪೈಕ್‌ನ ಟೋಲ್ ಲೆಕ್ಕ, ಆಯಿಲ್ ಬದಲಿಸಿದ ಬಿಲ್, ಎಲ್ಲ ಮೇಜಿನ ಮೇಲೆ ಹರಡಿಕೊಂಡು ದಿನದಿನಕ್ಕೆ ಶೀಟ್ ತುಂಬಿ. ರಾಜ್ಯದ ಮೈಲಿಗೆ ನಕ್ಷೆಯಲ್ಲಿ ಅದೇ ದಾರಿ ಹಾಕಿ ಅಳೆಯಿರಿ. ಒಡೋಮೀಟರ್ ಮೊತ್ತಕ್ಕೆ ಸ್ವಲ್ಪ ಕಮ್ಮಿ ಬಿದ್ದರೆ, ಖಾಲಿ ಓಡಿದ್ದು ಯಾವುದೋ ಮರೆತಿದ್ದೀರಿ ಅಂತ ಅರ್ಥ. ಮನೆಯವರನ್ನು ಕೇಳಿ, ಅವರಿಗೆ ನೆನಪಿರುತ್ತದೆ. ಅಂದಾಜಿನ ಮೇಲೆ ಅಂಕಿ ಮಾತ್ರ ಕೂರಿಸಬೇಡಿ. ಪ್ರತಿ ಶೀಟಿನ ತಲೆಯ ಮೇಲೆ ‘ನಂತರ ತಯಾರಿಸಿದ್ದು’ ಅಂತ ಬರೆದು, ಬರೆದ ತಾರೀಖು ಹಾಕಿ, ಯಾವ ಯಾವ ಕಾಗದ ನೋಡಿ ಬರೆದಿರಿ ಅಂತ ಒಂದು ಸಾಲು ಸೇರಿಸಿ. ಈ ಟಿಪ್ಪಣಿಯನ್ನು ಇಂಗ್ಲಿಷಿನಲ್ಲೇ ಬರೆಯಿರಿ, ಆಡಿಟರ್‌ಗೆ ಕನ್ನಡ ಬರಬೇಕಲ್ಲ. ಅಕ್ಟೋಬರ್ 31ಕ್ಕೆ ಮೊದಲು ಇದಿಷ್ಟು ಮುಗಿದರೆ, ನಿಮ್ಮ ಮೊದಲ ರಿಟರ್ನ್ ತುಂಬುವುದು ಒಂದು ಸಂಜೆಯ ಕೆಲಸ.